ಕಾಯಿನ್ ಮೋಟಾರ್ ಟಕ್ಕನೆ ನಿಲ್ಲಬೇಕು, ವರ್ಷಗಟ್ಟಲೆ ಬಾಳಬೇಕು: ಏನು ಮಾಡಬೇಕು?

ಕೈಪಟ್ಟಿ, ಬೆಲ್ಟು, ರಿಮೋಟ್‌ಗಳಲ್ಲಿ ಕೂರಿಸುವ 10 ಮಿ.ಮೀ. ಕಾಯಿನ್ ವೈಬ್ರೇಶನ್ ಮೋಟಾರ್ ಮೇಲೆ ಎರಡು ದೂರು ಇದ್ದದ್ದೇ. ಆಫ್ ಮಾಡಿದ ಮೇಲೂ ಝುಂಯ್ ಎಂದು ಎಳೆಯುತ್ತದೆ, ಹಾಗಾಗಿ ಎರಡು ಸಣ್ಣ ಬಡಿತ ಕೊಟ್ಟರೆ ಬೆರಳಿಗೆ ಒಂದೇ ಎಂದು ತೋರುತ್ತದೆ. ಇನ್ನೊಂದು, ಒಂದು ದಿನ ಹೇಳದೆ ಕೇಳದೆ ಸುಮ್ಮನಾಗುತ್ತದೆ. ಮೊದಲನೆಯದನ್ನು ಡ್ರೈವರ್ ಸರ್ಕ್ಯೂಟ್‌ನಲ್ಲಿ, ಅಂದರೆ ಮೋಟಾರಿಗೆ ಕರೆಂಟ್ ಕೊಡುವ ಭಾಗದಲ್ಲಿ, ಸರಿಮಾಡಬೇಕು. ಎರಡನೆಯದಕ್ಕೆ ಮೋಟಾರನ್ನು ಬೈಯುವ ಮೊದಲು ತಂತಿಯನ್ನೂ ಅಂಟನ್ನೂ ನೋಡಿ.

ಈ ಗಾತ್ರದ ಮೋಟಾರ್ ಸಾಮಾನ್ಯವಾಗಿ 3 ವೋಲ್ಟ್‌ಗೆ 60ರಿಂದ 80 ಮಿಲಿಆಂಪ್ ಎಳೆಯುತ್ತದೆ, ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ, ಅಂದರೆ 200 ಹರ್ಟ್ಸ್. ಸುರುಳಿಯ ರೆಸಿಸ್ಟೆನ್ಸ್ ಸುಮಾರು 30 ಓಮ್ ಇರುವುದರಿಂದ ಹೊರಡುವಾಗ 100 ಮಿಲಿಆಂಪ್ ಬೇಕು. ಆರ್ಡುಯಿನೊ ಊನೊ ಎಂಬ ಮೈಕ್ರೋಕಂಟ್ರೋಲರ್ ಬೋರ್ಡಿನ ಪಿನ್ನಿನ ಗರಿಷ್ಠ ಮಿತಿಯೇ 40 ಮಿಲಿಆಂಪ್, ನೇರ ಜೋಡಿಸುವ ಮಾತೇ ಇಲ್ಲ.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುವ ಹೆಸರಿಲ್ಲದ ಮೋಟಾರ್‌ಗಳ ಜತೆ ಡೇಟಾಶೀಟ್ ಬರುವುದಿಲ್ಲ. ಹೊರಡುವ ವೋಲ್ಟೇಜನ್ನು ನೀವೇ ಅಳೆಯಿರಿ. ಬೆಂಚ್ ಸಪ್ಲೈಯನ್ನು (ವೋಲ್ಟೇಜ್ ಬೇಕಾದಂತೆ ಇಡಬಹುದಾದ ಮೇಜಿನ ಪವರ್ ಸಪ್ಲೈ) 1 ವೋಲ್ಟ್‌ನಿಂದ 0.1ರಂತೆ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಮೋಟಾರನ್ನು ಪೂರ್ತಿ ನಿಲ್ಲಿಸಿ ಮತ್ತೆ ಚಾಲೂ ಮಾಡಿ. ರೋಟರ್ (ಒಳಗೆ ತಿರುಗುವ ಭಾಗ) ಬೇರೆ ಬೇರೆ ಕೋನದಲ್ಲಿ ನಿಲ್ಲುವಂತೆ ಪ್ರತಿ ಸಲ ಕೈಯಲ್ಲಿ ತಿರುಗಿಸಿ ಹಿಡಿಯಿರಿ. 2.3 ವೋಲ್ಟ್ ಮೀರಿದರೂ ತಟ್ಟಿದರೆ ಮಾತ್ರ ಹೊರಡುವ ಮೋಟಾರನ್ನು ಪಕ್ಕಕ್ಕಿಡಿ.

ಬ್ರೇಕ್

ಒಂದು ಟ್ರಾನ್ಸಿಸ್ಟರ್, ಒಂದು ಡಯೋಡ್ ಇರುವ ಮಾಮೂಲಿ ಸರ್ಕ್ಯೂಟ್‌ನಲ್ಲಿ ಬ್ರೇಕ್ ಎನ್ನುವುದೇ ಇಲ್ಲ. ಆಫ್ ಆದ ಕ್ಷಣ ಸುರುಳಿಯಿಂದ ಏಳುವ ಸ್ಪೈಕನ್ನು ಡಯೋಡ್ ನುಂಗುತ್ತದೆ ನಿಜ. ಆದರೆ ತಿರುಗುತ್ತಿರುವ ರೋಟರ್ ತಾನೇ ಹುಟ್ಟಿಸುವ ವೋಲ್ಟೇಜ್, ಅಂದರೆ ಬ್ಯಾಕ್ ಇಎಂಎಫ್‌ನ ಪೋಲಾರಿಟಿ ಮೊದಲಿನದೇ, ಅದಕ್ಕೆ ಡಯೋಡ್ ಬಾಗಿಲು ತೆರೆಯುವುದಿಲ್ಲ. ರೋಟರ್ ಘರ್ಷಣೆಯಿಂದ ತಾನಾಗಿ ಸೋತು ನಿಲ್ಲುವವರೆಗೆ ಕಾಯಬೇಕು.

ಎರಡು ತುದಿಯನ್ನು ಶಾರ್ಟ್ ಮಾಡಿದರೆ ಸಾಲದೆ? ಲೆಕ್ಕ ಹಾಕಿ ನೋಡಿ. 70 ಮಿಲಿಆಂಪ್ ಹರಿಯುವಾಗ 30 ಓಮ್‌ನಲ್ಲಿ 2.1 ವೋಲ್ಟ್ ಹೋಗುತ್ತದೆ, ಬ್ಯಾಕ್ ಇಎಂಎಫ್‌ಗೆ ಉಳಿಯುವುದು 0.9. ಶಾರ್ಟ್ ಮಾಡಿದರೆ ಸಿಗುವ ಬ್ರೇಕ್ ಕರೆಂಟ್ ಬರೀ 30 ಮಿಲಿಆಂಪ್. ಅದೇ 3 ವೋಲ್ಟನ್ನು ಪ್ಲಸ್ ಮೈನಸ್ ತಿರುವಿ ಕೊಟ್ಟರೆ ಬ್ಯಾಕ್ ಇಎಂಎಫ್ ಅದಕ್ಕೆ ಸೇರಿ 130. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ.

ಇದಕ್ಕೆ ಎಚ್-ಬ್ರಿಡ್ಜ್, ಅಂದರೆ ವೋಲ್ಟೇಜನ್ನು ಎರಡೂ ದಿಕ್ಕಿಗೆ ಕೊಡಬಲ್ಲ ಸರ್ಕ್ಯೂಟ್ ಬೇಕು. ಡಿಆರ್‌ವಿ8833 ಚಿಪ್ ಸಾಕು, 2.7 ವೋಲ್ಟ್‌ನಿಂದಲೇ ಓಡುತ್ತದೆ. ತುಂಬಿದ ಲಿಥಿಯಂ ಸೆಲ್‌ನ 4.2 ವೋಲ್ಟ್‌ನಲ್ಲಿ ಕ್ರಮ ಹೀಗಿರಲಿ:

1. ಎಬ್ಬಿಸಲು 20–30 ಮಿಲಿಸೆಕೆಂಡ್ ಪೂರ್ತಿ ವೋಲ್ಟೇಜ್.
2. ಓಡಿಸಲು ಶೇ. 71 ಪಿಡಬ್ಲ್ಯೂಎಂ (ವೇಗವಾಗಿ ಆನ್-ಆಫ್ ಮಾಡುತ್ತ ಶೇ. 71 ಹೊತ್ತು ಆನ್ ಇಡುವುದು), ಸರಾಸರಿ 3 ವೋಲ್ಟ್.
3. ನಿಲ್ಲಿಸಲು ಅದೇ ಶೇ. 71ನ್ನು ತಿರುವಿ ಕೊಡಿ. 15 ಮಿಲಿಸೆಕೆಂಡ್‌ನಿಂದ ಶುರುಮಾಡಿ.
4. ಡ್ರೈವರ್‌ನ ಎರಡೂ ಇನ್‌ಪುಟ್ ಹೈ ಮಾಡಿ 30 ಮಿಲಿಸೆಕೆಂಡ್ ಶಾರ್ಟ್, ಆಮೇಲೆ ಎರಡೂ ಲೋ.

ಮೂರನೆಯ ಹಂತದ ಹೊತ್ತನ್ನು 5 ಮಿಲಿಸೆಕೆಂಡ್‌ನಂತೆ ಹೆಚ್ಚಿಸುತ್ತ ಹೋಗಿ. ಬಾಲದ ನಡುಕ ಮಾಯವಾಗಿ, ಕೊನೆಯಲ್ಲಿ ಇನ್ನೊಂದು ಚಿಕ್ಕ ‘ಟಿಕ್’ ಕೇಳಿದರೆ ರೋಟರ್ ಉಲ್ಟಾ ತಿರುಗಲು ಹೊರಟಿದೆ ಎಂದರ್ಥ, ಒಂದು ಮೆಟ್ಟಿಲು ಹಿಂದೆ ಬನ್ನಿ. ಕಣ್ಣಿಂದ ನೋಡಬೇಕೆಂದರೆ ಎಡಿಎಕ್ಸ್‌ಎಲ್345 ಆಕ್ಸಿಲರೋಮೀಟರನ್ನು ಸೆಕೆಂಡಿಗೆ 1600 ಸ್ಯಾಂಪಲ್‌ಗೆ ಇಟ್ಟು ಗ್ರಾಫ್ ತೆಗೆಯಿರಿ. ಸೆಲ್ ಇಳಿದಂತೆ ಈ ಲೆಕ್ಕವೆಲ್ಲ ಜಾರುತ್ತದೆ, ಆದ್ದರಿಂದ ಬ್ಯಾಟರಿ ವೋಲ್ಟೇಜ್ ಓದಿ ಶೇಕಡಾವಾರನ್ನು ತಿದ್ದುವ ಒಂದು ಸಾಲು ಕೋಡ್‌ನಲ್ಲಿರಲಿ. ಪಿಡಬ್ಲ್ಯೂಎಂ 20 ಕಿಲೋಹರ್ಟ್ಸ್ ಇರಲಿ, ಊನೊದ ಡೀಫಾಲ್ಟ್ 490 ಹರ್ಟ್ಸ್‌ನಲ್ಲಿ ಕಿವಿಗೆ ಕಿರಿಕಿರಿ.

ಇಲ್ಲೊಂದು ಗುಂಡಿ ಇದೆ. ಹಳೆಯ ಮಾಡ್ಯೂಲ್‌ನಿಂದ ತೆಗೆದ ಮೋಟಾರ್‌ನ ತುದಿಗಳಲ್ಲಿ ಡಯೋಡ್ ಉಳಿದಿದ್ದರೆ, ತಿರುವಿ ಕೊಟ್ಟಾಗ ಅದು ನೇರ ಶಾರ್ಟ್. ಬ್ರಿಡ್ಜ್‌ಗೆ ಜೋಡಿಸುವ ಮೊದಲು ಕಿತ್ತುಬಿಡಿ.

ಡ್ರೈವರ್ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಮೋಟಾರ್ ಹೊರಟಾಗಲೆಲ್ಲ ಮೈಕ್ರೋಕಂಟ್ರೋಲರ್ ರೀಸೆಟ್ ಆಗುತ್ತಿದ್ದರೆ ಇವು ಇಲ್ಲ, ಅಥವಾ ದೂರದಲ್ಲಿವೆ.

ಎಲ್‌ಆರ್‌ಎ (ಸುತ್ತುವ ಬದಲು ತೂಕವನ್ನು ಹಿಂದೆ ಮುಂದೆ ನಡುಗಿಸುವ ಮೋಟಾರ್) ಬಳಸುವವರಿಗೆ ಈ ಬ್ರೇಕ್ ಕ್ರಮ ಹೊಂದುವುದಿಲ್ಲ. ಅದಕ್ಕೆ ಅದರದೇ ರೆಸೊನೆನ್ಸ್ ಫ್ರೀಕ್ವೆನ್ಸಿಯ (ಅದು ಅತಿ ಹೆಚ್ಚು ನಡುಗುವ ವೇಗದ) ಎಸಿ ಬೇಕು, ಬ್ರೇಕ್ ಎಂದರೆ 180 ಡಿಗ್ರಿ ಫೇಸ್ ತಿರುವುವುದು. ಡಿಆರ್‌ವಿ2605ಎಲ್ ಡ್ರೈವರ್ ಚಿಪ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಚಿಪ್ ಮೋಟಾರಿಗೆ ತನ್ನನ್ನು ಹೊಂದಿಸಿಕೊಳ್ಳುವ ಆಟೋ ಕ್ಯಾಲಿಬ್ರೇಶನ್ ಮಾತ್ರ, ಮೋಟಾರ್ ಮೇಜಿನ ಮೇಲೆ ಒಂಟಿಯಾಗಿದ್ದಾಗ ಬೇಡ, ಡಬ್ಬಿಯಲ್ಲಿ ಕೂರಿಸಿದ ಮೇಲೆ ಮಾಡಿ.

ಕೂರಿಸುವುದು

ದಪ್ಪ ಫೋಮ್ ಟೇಪ್ ಮೇಲೆ ಅಂಟಿಸಿದರೆ ನಡುಕವನ್ನು ಫೋಮೇ ತಿನ್ನುತ್ತದೆ. 0.1–0.2 ಮಿ.ಮೀ.ನ ತೆಳು ಡಬಲ್ ಸೈಡ್ ಟೇಪ್ ತೆಗೆದುಕೊಳ್ಳಿ, ಜಾಗವನ್ನು ಐಪಿಎಯಿಂದ (ಐಸೊಪ್ರೊಪೈಲ್ ಆಲ್ಕೋಹಾಲ್) ಒರೆಸಿ, ಅಂಚುಗಳ ಮೇಲೆ ಬೆರಳೊತ್ತಿ. ಮುಚ್ಚಳದ ನಡುವೆ ಒತ್ತಿದರೆ ತಗಡು ಒಳಕ್ಕೆ ಬಾಗಿ ರೋಟರ್‌ಗೆ ಉಜ್ಜುತ್ತದೆ. ಫೆವಿಕ್ವಿಕ್ ಜಾತಿಯ ನೀರಂಟು ಅಂಚಿನ ಸಂದಿಯಿಂದ ಒಳಗಿಳಿದು ರೋಟರನ್ನೇ ಹಿಡಿದುಬಿಡುತ್ತದೆ, ಹಾಟ್ ಗ್ಲೂ ಬೇಸಿಗೆಯಲ್ಲಿ ಕಾರಿನೊಳಗೆ ಮೆತ್ತಗಾಗುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ತಾಮ್ರವನ್ನು ತಿನ್ನುವುದರಿಂದ ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದನ್ನೇ ಕೊಳ್ಳಿ.

ಇಡೀ ಡಬ್ಬಿ ಗರಗರ ಎಂದರೆ ಓಡುತ್ತಿರುವಾಗಲೇ ಬಟನ್, ಬ್ಯಾಟರಿ, ಮುಚ್ಚಳ ಒಂದೊಂದನ್ನೇ ಬೆರಳಿಂದ ಅದುಮಿ. ಸದ್ದು ನಿಂತ ಕಡೆ 1 ಮಿ.ಮೀ. ಫೋಮ್ ತುಂಡು ಇಡಿ. ಫೋಮ್‌ನ ಜಾಗ ಇದು, ಮೋಟಾರ್‌ನ ಕೆಳಗಲ್ಲ.

ಸತ್ತ ಮೋಟಾರ್ ಕೈಗೆ ಬಂದರೆ ಮೊದಲು ತಂತಿಯ ಬುಡ ನೋಡಿ. ಬೆಸುಗೆಯ ಸೀಸ ಎಳೆಗಳ ನಡುವೆ ಹತ್ತಿ ತಂತಿ ಕಡ್ಡಿಯಂತಾಗುತ್ತದೆ, ಆ ಗಟ್ಟಿ ಭಾಗ ಮುಗಿಯುವಲ್ಲೇ ಬಾಗಿ ಬಾಗಿ ತುಂಡಾಗುತ್ತದೆ, ಪ್ಲಾಸ್ಟಿಕ್ ಹೊದಿಕೆ ಮಾತ್ರ ಹಾಗೇ ಇರುತ್ತದೆ. ಹೊರಗೆ ಏನೂ ಕಾಣದು, ಮೆಲ್ಲನೆ ಎಳೆದರೆ ರಬ್ಬರಿನಂತೆ ಹಿಗ್ಗುತ್ತದೆ. ಆದ್ದರಿಂದ ಮೋಟಾರ್ ಹತ್ತಿರ ಒಂದು ಹನಿ ಸಿಲಿಕೋನ್, ನಂತರ 5–10 ಮಿ.ಮೀ. ಸಡಿಲ ತಂತಿ, ಆಮೇಲೆ ಬೋರ್ಡ್. ಬೋರ್ಡ್ ತುದಿಯಲ್ಲಿ 350 ಡಿಗ್ರಿಗೆ ಎರಡು ಸೆಕೆಂಡ್‌ನಲ್ಲಿ ಬೆಸುಗೆ ಮುಗಿಸಿ. ಮೋಟಾರ್ ಕಡೆಯ ಬೆಸುಗೆ ಮುಟ್ಟಬೇಡಿ.

ಕೊನೆಗೆ, ಗ್ರೌಂಡ್ ಕಡೆ 1 ಓಮ್ ರೆಸಿಸ್ಟರ್ ಹಾಕಿ ಅದರ ಮೇಲಿನ ಮಿಲಿವೋಲ್ಟ್ ಓದಿ, ಅಷ್ಟೇ ಮಿಲಿಆಂಪ್. ಹೊರಟು 200 ಮಿಲಿಸೆಕೆಂಡ್ ಕಳೆದರೂ 70ಕ್ಕೆ ಇಳಿಯದೆ 100ರಲ್ಲೇ ನಿಂತಿದ್ದರೆ ರೋಟರ್ ಸಿಕ್ಕಿಕೊಂಡಿದೆ, ಸೊನ್ನೆ ಇದ್ದರೆ ತಂತಿ ಹೋಗಿದೆ ಅಥವಾ ಬ್ರಷ್ ಕಚ್ಚುತ್ತಿಲ್ಲ. ಸಿಕ್ಕಿಕೊಂಡಿದ್ದರೆ ಉಲ್ಟಾ ಒಂದು 20 ಮಿಲಿಸೆಕೆಂಡ್ ತಳ್ಳು ಕೊಟ್ಟು ಮತ್ತೆ ಪ್ರಯತ್ನಿಸಲಿ. ಮೂರು ಸಲಕ್ಕೂ ಏಳದಿದ್ದರೆ ಸಪ್ಲೈ ಕಡಿದು ಎಲ್‌ಇಡಿ ಮಿನುಗಿಸಿ, ಸುಮ್ಮನೆ ಸುರುಳಿ ಸುಡುವುದು ಬೇಡ.