ಫ್ಲೈ ಕಲಿತ ಮೇಲೆ ಮುದ್ದೆ ಗಾಳಕ್ಕೂ ಮೀನು ಹೆಚ್ಚಿತು: ನನ್ನ ಅನುಭವ

ಫ್ಲೈ ರಾಡ್ ಹಿಡಿಯಲು ಶುರು ಮಾಡಿದ ಮೇಲೆ ನನ್ನ ರಾಗಿ ಮುದ್ದೆ ಗಾಳಕ್ಕೆ ಮೀನು ಜಾಸ್ತಿ ಬೀಳುತ್ತಿದೆ. ಸ್ಪಿನ್ನಿಂಗ್‌ನಲ್ಲೂ, ಅಂದರೆ ತೂಕದ ನಕಲಿ ಮೀನು, ಕಪ್ಪೆ ಎಸೆದು ರೀಲ್ ಸುತ್ತಿ ಎಳೆಯುವುದರಲ್ಲೂ ಅಷ್ಟೇ. ಫ್ಲೈ ಅಂದರೆ ಗರಿ, ಕೂದಲು ಕಟ್ಟಿ ಹುಳು, ಸಣ್ಣ ಮೀನಿನ ಹಾಗೆ ಮಾಡಿದ ಹಗುರ ಕೊಕ್ಕೆ; ಅದನ್ನು ದಪ್ಪ ಲೈನ್‌ನ ತೂಕದಿಂದಲೇ ಎಸೆಯಬೇಕು. ಇದನ್ನು ನಮ್ಮ ಗಾಳದ ಗುಂಪಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. "ಫ್ಲೈ ಇರೋದು ಟ್ರೌಟ್‌ಗೆ. ಟ್ರೌಟ್ ಇರೋದು ಊಟಿ, ಮುನ್ನಾರ್ ಕಡೆ. ನಮ್ಮ ಕೆರೆ ನೀರಿನಲ್ಲಿ ಒಂದು ಮೊಳ ಕೆಳಗೆ ಏನೂ ಕಾಣಲ್ಲ. ಗರಿ ಕಟ್ಟಿದ ಕೊಕ್ಕೆಯನ್ನು ಯಾವ ಮೀನು ನೋಡುತ್ತೆ?" ಅಂತ ಕೇಳಿದರು. ಹೋದ ಚಳಿಗಾಲ ಕನಕಪುರ ರಸ್ತೆ ಕಡೆಯ ಒಂದು ಹೊಂಡದಲ್ಲಿ ಅವರ ಪಕ್ಕದಲ್ಲೇ ನಿಂತು, ಅವರು ಕಲಸಿದ ಮುದ್ದೆಯನ್ನೇ ಹಾಕಿ ತೋರಿಸಿದೆ. ಅವತ್ತಿನಿಂದ ಅದು ಹೇಗೆ ಅಂತ ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಒಟ್ಟಿಗೆ ಉತ್ತರ ಇಲ್ಲಿದೆ.

ರಾಡ್ ನಂಬರ್ ಅಂದರೆ ಅದು ಎಸೆಯುವ ಲೈನ್‌ನ ತೂಕದ ಲೆಕ್ಕ, ನಂಬರ್ ಹೆಚ್ಚಿದಷ್ಟೂ ಲೈನ್ ಭಾರ. ಮೊದಲು ದುಡ್ಡಿನ ವಿಷಯ. 5 ನಂಬರ್ ರಾಡ್, ರೀಲ್, ಲೈನ್ ಸೇರಿದ ಸೆಟ್‌ಗೆ ಸುಮಾರು 9 ಸಾವಿರ ಹೋಯಿತು. ಅದರ ಜೊತೆ ಬಂದ ಲೈನ್ ತಣ್ಣೀರಿಗೆ ಅಂತ ಮಾಡಿದ್ದು. ಜನವರಿಯಲ್ಲಿ ಚೆನ್ನಾಗಿಯೇ ಓಡಿತು. ಏಪ್ರಿಲ್ ಬಿಸಿಲಿಗೆ ಮೇಲಿನ ಪದರ ಮೆತ್ತಗಾಗಿ ರಿಂಗುಗಳಿಗೆ ಅಂಟತೊಡಗಿತು. ಬೆರಳಲ್ಲಿ ಹಿಡಿದರೆ ಹಲಸಿನ ಅಂಟು ಮುಟ್ಟಿದ ಹಾಗೆ. 40 ಅಡಿ ಹೋಗುತ್ತಿದ್ದ ಲೈನ್ 25 ಅಡಿಗೇ ನಿಲ್ಲುತ್ತಿತ್ತು. ಮಾರಿದವರು ನನ್ನ ಕ್ಯಾಸ್ಟಿಂಗ್ ಸರಿ ಇಲ್ಲ ಅಂದರು. ಕ್ಯಾಸ್ಟಿಂಗ್ ಸರಿಯಾಗಿಯೇ ಇತ್ತು. ಬಿಸಿ ದೇಶಗಳಿಗೆ ಅಂತಲೇ ಗಟ್ಟಿ ಕೋಟಿಂಗ್ ಇರುವ ಟ್ರಾಪಿಕಲ್ ಲೈನ್ ಹೊರದೇಶದಿಂದ ತರಿಸಿದೆ. ಸುಂಕ ಸೇರಿ 7 ಸಾವಿರದ ಹತ್ತಿರ ಆಯಿತು. ಅದೇ ರಾಡ್, ಅದೇ ಕೈ, ಅದೇ ಬಿಸಿಲು. ಲೈನ್ ಮತ್ತೆ ಓಡಿತು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಇಳಿಯುವವರು ರಾಡ್‌ನಲ್ಲಿ ಉಳಿಸಿ ಲೈನ್‌ಗೆ ಹಾಕಬೇಕು.

ಎರಡನೇ ತೊಂದರೆ ಕೆರೆ ಏರಿ. ಮುಂದೆ ನೀರು, ಹಿಂದೆ ಕಲ್ಲು ಕಟ್ಟಿದ ಇಳಿಜಾರು, ಅದರ ಮೇಲೆ ಬಳ್ಳಾರಿ ಜಾಲಿ. ಬ್ಯಾಕ್ ಕ್ಯಾಸ್ಟ್ (ಎಸೆಯುವ ಮುಂಚೆ ಲೈನ್ ಹಿಂದಕ್ಕೆ ಬೀಸುವುದು) ಸ್ವಲ್ಪ ತಗ್ಗಿದರೂ ಫ್ಲೈ ಕಲ್ಲಿಗೆ ಬಡಿಯುತ್ತದೆ. ಬಡಿದದ್ದು ಗೊತ್ತೇ ಆಗುವುದಿಲ್ಲ. ಕೊಕ್ಕೆಯ ಮೊನೆ ಮಾತ್ರ ಮುರಿದಿರುತ್ತದೆ. ಎಷ್ಟೋ ಜಿಲೇಬಿ ಮೀನು (ತಿಲಾಪಿಯಾ) ಹೀಗೇ ಎಳೆದು, ಬಿಟ್ಟು, ಹೋದವು. ಈಗ ಹತ್ತು ಎಸೆತಕ್ಕೊಮ್ಮೆ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಇಟ್ಟು ನೋಡುತ್ತೇನೆ. ಕಚ್ಚಿ ನಿಂತರೆ ಸರಿ, ಜಾರಿದರೆ ಬದಲು. ಸ್ಪಿನ್ನಿಂಗ್ ಮಾಡುವಾಗಲೂ ಈ ಅಭ್ಯಾಸ ಬಿಟ್ಟಿಲ್ಲ. ಅದರಿಂದಲೇ ಎಷ್ಟೋ ಮೀನು ಕೈತಪ್ಪದೆ ಉಳಿದಿವೆ. ಏರಿ ಮೇಲೆ ಈಗ ರೋಲ್ ಕ್ಯಾಸ್ಟ್ ಒಂದನ್ನೇ ಮಾಡುತ್ತೇನೆ, ಅಂದರೆ ಲೈನನ್ನು ಹಿಂದಕ್ಕೆ ಬೀಸದೆ ನೀರಿನ ಮೇಲಿಂದಲೇ ಮುಂದಕ್ಕೆ ಉರುಳಿಸುವುದು. 35 ಅಡಿ ಆರಾಮಾಗಿ ಹೋಗುತ್ತದೆ.

ಆಷಾಢದ ಗಾಳಿಗೆ 5 ನಂಬರ್ ಆಗುವುದಿಲ್ಲ. ಅದರ ಲೈನ್‌ನ ಮೊದಲ 30 ಅಡಿ ತೂಗುವುದು 9 ಗ್ರಾಂ, 8 ನಂಬರ್‌ನದು ಹದಿಮೂರೂವರೆ. ಆ ನಾಲ್ಕೂವರೆ ಗ್ರಾಂಗೆ ಮತ್ತೆ ಒಂದು ರಾಡ್, ಮತ್ತೆ 11-12 ಸಾವಿರ. ಮನೆಯಲ್ಲಿ ಬೆಲೆ ಕೇಳಿದರು, ಪೂರ್ತಿ ಹೇಳಿದೆ. ಆ ವರ್ಷ ಲ್ಯೂರ್ (ಸ್ಪಿನ್ನಿಂಗ್‌ನ ನಕಲಿ ಮೀನು, ಕಪ್ಪೆ) ಏನೂ ಕೊಳ್ಳಲಿಲ್ಲ ಎನ್ನುವುದನ್ನೂ ಹೇಳಿದೆ. ಅದು ನಿಜ. ಮೊದಲು ರಬ್ಬರ್ ಕಪ್ಪೆಗಳಿಗೇ ವರ್ಷಕ್ಕೆ ಅಷ್ಟು ಖರ್ಚಾಗುತ್ತಿತ್ತು.

ಅಂಗಡಿ ಫ್ಲೈ ಒಂದಕ್ಕೆ 150ರಿಂದ 200 ರೂಪಾಯಿ. ನಾನು ಕಟ್ಟುವುದು 15 ರೂಪಾಯಿ ದಾಟುವುದಿಲ್ಲ. ಅಮೆರಿಕದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಸ್ಮಾಲ್‌ಮೌತ್ ಬಾಸ್‌ಗೆ (ಅಲ್ಲಿನ ಒಂದು ಮೀನು) ಅಂತ ಕಟ್ಟಿದ ಕ್ಲೌಸರ್ ಮಿನ್ನೋ ಅನ್ನುವ ಫ್ಲೈ ನಮ್ಮ ಕೆರೆಗಳಿಗೆ ಬಹಳ ಹೊಂದುತ್ತದೆ. ಅದಕ್ಕೆ ಬೇಕಾದದ್ದು ಅಲ್ಲಿನ ಜಿಂಕೆಯ ಬಾಲದ ಕೂದಲು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಕಾಡು ಜಿಂಕೆಯ ಕೂದಲು ಮುಟ್ಟುವ ಹಾಗಿಲ್ಲ. ಶಿವಾಜಿನಗರದ ಮಾಂಸದಂಗಡಿಯಿಂದ ಬಿಳಿ ಮೇಕೆಯ ಬಾಲ ತಂದು, ತೊಳೆದು, ಒಣಗಿಸಿ ಬಳಸಿದೆ. ಹೊಳಪಿಗೆ ಚಿಕ್ಕಪೇಟೆಯ ಜರಿ ದಾರ. ಕಣ್ಣಿಗೆ ವಾಶ್ ಬೇಸಿನ್ ಬಿರಡೆಗೆ ಕಟ್ಟಿರುತ್ತದಲ್ಲ, ಆ ಮಣಿ ಸರಪಳಿ. ಎರಡೆರಡು ಮಣಿ ಕತ್ತರಿಸಿ ಕೂರಿಸಿದರೆ ಆಯಿತು. ನಾಟಿ ಹುಂಜದ ಕುತ್ತಿಗೆ ಗರಿ ಕೋಳಿ ಅಂಗಡಿಯಲ್ಲಿ ಬಿಟ್ಟಿ ಸಿಗುತ್ತದೆ. ಮೇಕೆ ಕೂದಲಿನ ತುದಿಗೆ ನಾನು ಇನ್ನೊಂದು ಕೆಲಸ ಮಾಡುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಈಗ ನಿಜವಾದ ವಿಷಯ. ಫ್ಲೈನಲ್ಲಿ ಸ್ಪಿನ್ನಿಂಗ್‌ನಷ್ಟು ದೂರ ಎಸೆಯಲು ಆಗುವುದಿಲ್ಲ. ನನಗೆ ಲಾಭ ಆಗಿದ್ದು ಅಲ್ಲೇ. ಸ್ಪಿನ್ನಿಂಗ್ ರಾಡ್ ಕೈಯಲ್ಲಿದ್ದರೆ ಎಲ್ಲರೂ ಮಾಡುವುದು ಒಂದೇ: ಬಂದ ತಕ್ಷಣ ಕೆರೆ ಮಧ್ಯಕ್ಕೆ ಬೀಸುತ್ತಾರೆ. 40 ಅಡಿಯೇ ಮಿತಿ ಅಂದಾಗ ಆ 40 ಅಡಿಯೊಳಗೆ ಏನಿದೆ ಅಂತ ನೋಡಲೇಬೇಕು. ನೀರಿನ ಮೇಲಿನ ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ ಹಾಕಿ ತೂಬಿನ ಪಕ್ಕ ಕಾಲು ಗಂಟೆ ಸುಮ್ನೆ ಕೂತೆ. ಅಂಚಿನಿಂದ ಆರೇಳು ಅಡಿಯಲ್ಲಿ ಗೆಂಡೆ ಕೆಸರು ಕೆದಕುತ್ತಿತ್ತು. ನೀರಿನಲ್ಲಿ ಕಂದು ಮೋಡ ಏಳುತ್ತದೆ, ಆಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಬರುತ್ತವೆ. ಆ ಸಾಲು ಯಾವ ಕಡೆ ಸರಿಯುತ್ತದೋ ಮೀನಿನ ತಲೆ ಆ ಕಡೆ. ಇಷ್ಟು ವರ್ಷ ಅದೇ ಜಾಗದಲ್ಲಿ ನಿಂತು ನಾವೆಲ್ಲ ಆ ಮೀನಿನ ತಲೆಯ ಮೇಲಿಂದ ಎಸೆಯುತ್ತಿದ್ದೆವು. ಸದ್ದು ಕೇಳಿ, ನೆರಳು ನೋಡಿ ಅದು ಹೋಗಿಬಿಡುತ್ತಿತ್ತು. ಈಗ ಯಾವ ರಾಡ್ ಹಿಡಿದರೂ ಮೊದಲ ಎಸೆತ ಅಂಚಿಗೆ. ನೀರಿನಿಂದ ಎರಡು ಹೆಜ್ಜೆ ಹಿಂದೆ, ಬೆನ್ನ ಹಿಂದೆ ಗಿಡ ಇರುವ ಹಾಗೆ ನಿಲ್ಲುತ್ತೇನೆ.

ಕೊರಮೀನು ಇದನ್ನು ಇನ್ನೂ ಚೆನ್ನಾಗಿ ಕಲಿಸಿತು. ಅದು ಗಾಳಿ ಕುಡಿಯಲು ಮೇಲೆ ಬರುತ್ತದೆ. ಗುಳ್ಳೆ ಕಂಡ ಜಾಗಕ್ಕೇ ರಬ್ಬರ್ ಕಪ್ಪೆ ಎಸೆಯುವುದು ವಾಡಿಕೆ. ಫ್ಲೈನಲ್ಲಿ ಒಂದು ಎಸೆತಕ್ಕೆ ಹೊತ್ತು ಹಿಡಿಯುತ್ತದೆ, ಅದಕ್ಕೇ ಕಾದು ನೋಡಿದೆ. ಒಂದೇ ಮೀನು ಜೊಂಡಿನ ಅಂಚಿನಲ್ಲಿ ಒಂದೇ ದಿಕ್ಕಿಗೆ ಸಾಗುತ್ತಾ ಮತ್ತೆ ಮತ್ತೆ ಏಳುತ್ತದೆ. ಮುಂದಿನ ಸಲ ಎಲ್ಲಿ ಏಳಬಹುದೋ ಅದಕ್ಕೂ ಮೂರಡಿ ಆಚೆ ಮೊದಲೇ ಫ್ಲೈ ಇಟ್ಟು ಕಾಯಬೇಕು. ಬಾಯಿ ಹಾಕಿದಾಗ ರಾಡ್ ಎತ್ತಬಾರದು, ಎಡಗೈಯಿಂದ ಲೈನ್ ನೇರ ಎಳೆಯಬೇಕು. ಎತ್ತಿದರೆ ಫ್ಲೈ ಬಾಯಿಂದ ಆಚೆ ಬರುತ್ತದೆ. ಅದೇ ಲೆಕ್ಕದಲ್ಲಿ ರಬ್ಬರ್ ಕಪ್ಪೆ ಹಾಕಿದ ದಿನ ಕಚ್ಚುವ ಮೀನು ಎರಡು ಪಟ್ಟಾಯಿತು. ಕೆಂಪು ಮರಿಗಳ ಗುಂಪು ಕಂಡರೆ ಮಾತ್ರ ಎಸೆಯುವುದಿಲ್ಲ. ತಂದೆ ತಾಯಿ ಎರಡೂ ಕೆಳಗೆ ಕಾವಲಿರುತ್ತವೆ. ಅವನ್ನು ಎತ್ತಿದರೆ ಆ ಮರಿಗಳು ಜಿಲೇಬಿ ಪಾಲು. ಅದನ್ನು ಹಿಡಿದು ಫೋಟೋ ಹಾಕುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಇನ್ನು ಕನಕಪುರ ರಸ್ತೆಯ ಹೊಂಡ. ತೋಟದ ಮಾಲೀಕರು ಒಂದು ರಾಡ್‌ಗೆ ದಿನಕ್ಕೆ 600 ತೆಗೆದುಕೊಳ್ಳುತ್ತಾರೆ. ಅವತ್ತು ರೋಹು ಬಹಳ ಮೆಲ್ಲಗೆ ಮೂಸುತ್ತಿದ್ದವು. ಗುಂಪಿನವರೆಲ್ಲ ನಿಂಬೆ ಗಾತ್ರದ ಮುದ್ದೆ, ದಪ್ಪ ಲೈನ್, ಸೀಸದ ಗುಂಡು. ಕಾವೇರಿಯಲ್ಲಿ ಬಿಳಿ ಮೀನಿಗೆ (ಮಹಶೀರ್) ಹಾಕುತ್ತಿದ್ದ ಕಾಲದ ಲೆಕ್ಕ ಅದು. ಭೀಮೇಶ್ವರಿ, ಗಾಲಿಬೋರೆ ಕಡೆ ಅದು ನಡೆಯುತ್ತಿತ್ತು. ಆ ಕಾವೇರಿ ವನ್ಯಧಾಮದಲ್ಲಿ ಈಗ ಮೊದಲಿನ ಹಾಗೆ ಗಾಳ ಹಾಕುವಂತಿಲ್ಲ, ಆದರೆ ಕೈಗೆ ಆ ಅಭ್ಯಾಸ ಉಳಿದಿದೆ. ನಾನು ಅವರ ಮುದ್ದೆಯಿಂದಲೇ ಕಡಲೆಕಾಳಿನಷ್ಟು ಕಿತ್ತುಕೊಂಡೆ. ಫ್ಲೈಗೆ ಇಟ್ಟುಕೊಂಡಿದ್ದ ಸಣ್ಣ ಕೊಕ್ಕೆ. ಮೇಲೆ ದಪ್ಪ, ಕೆಳಗೆ ತೆಳು ಆಗುವ ಹಾಗೆ ಮೂರು ತುಂಡು ಲೈನ್ ಕಟ್ಟಿದ ಲೀಡರ್ (ಲೈನಿಗೂ ಕೊಕ್ಕೆಗೂ ನಡುವಿನ ಎಳೆ). ಸೀಸವೇ ಇಲ್ಲ. ಬೆಂಡು ಮುಳುಗುವವರೆಗೆ ಕಾಯಲಿಲ್ಲ. ಅದು ಅರ್ಧ ಅಂಗುಲ ಪಕ್ಕಕ್ಕೆ ಸರಿದರೆ ಸಾಕು, ಎಳೆಯುತ್ತಿದ್ದೆ. ಫ್ಲೈನಲ್ಲಿ ಬೆಂಡೇ ಇರುವುದಿಲ್ಲವಲ್ಲ, ಲೈನ್ ತುದಿ ನೋಡಿ ನೋಡಿ ಕಣ್ಣು ಪಳಗಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಅವರೆಲ್ಲರಿಗೂ ಸೇರಿ 5-6, ನನ್ನೊಬ್ಬನಿಗೆ 12ರ ಮೇಲೆ. ದೊಡ್ಡದು ಮೂರೂವರೆ ಕೆಜಿ ಇತ್ತು. ಫ್ಲೈ ರಾಡ್ ಅವತ್ತು ಕಾರಿನಿಂದ ಇಳಿಯಲೇ ಇಲ್ಲ.

ಹರಿಯುವ ನೀರಲ್ಲಿ ಲಾಭ ಇನ್ನೂ ಜಾಸ್ತಿ. ಟಿ. ನರಸೀಪುರದ ಕಡೆ ಬೆಂಡು ತೇಲಿಬಿಡುವಾಗ ಮಧ್ಯದ ಸೆಳವು ಲೈನ್ ಹೊಟ್ಟೆ ಹಿಡಿದು ಎಳೆಯುತ್ತದೆ, ಬೆಂಡು ನೀರಿಗಿಂತ ಮುಂದೆ ಓಡುತ್ತದೆ. ಹಾಗೆ ಓಡುವ ಎರೆಹುಳುವನ್ನು ಮೀನು ಮುಟ್ಟುವುದಿಲ್ಲ. ಫ್ಲೈನಲ್ಲಿ ಮೆಂಡ್ ಮಾಡುತ್ತೀವಲ್ಲ, ಅಂದರೆ ನೀರಿನ ಮೇಲಿನ ಲೈನ್ ಎತ್ತಿ ಸೆಳವಿನ ಮೇಲ್ದಿಕ್ಕಿಗೆ ಹಾಕುವುದು, ಅದನ್ನೇ ಉದ್ದ ರಾಡ್‌ನಲ್ಲಿ ಮಾಡಿದೆ. ಸಾಮಾನ್ಯ ನೈಲಾನ್ ಮುಳುಗುವುದರಿಂದ ಆಗಲಿಲ್ಲ. ಮೊದಲ 30 ಅಡಿಗೆ ತೆಳುವಾಗಿ ವ್ಯಾಸಲಿನ್ ಸವರಿದೆ, ತೇಲಿತು, ಮೆಂಡ್ ಆಯಿತು. ಫ್ಲೈ ಲೈನ್‌ಗೆ ಮಾತ್ರ ವ್ಯಾಸಲಿನ್ ಹಚ್ಚಬೇಡಿ, ಕೋಟಿಂಗ್ ಹಾಳಾಗುತ್ತದೆ.

ಒಂದು ಪ್ರಯೋಗ ಹೇಳಲೇಬೇಕು. ಮಾಗಡಿ ಕಡೆ ಒಂದು ಹೊಂಡದ ಮೇಲೆ ನೇರಳೆ ಮರ ಬಾಗಿದೆ. ಜೂನ್‌ನಲ್ಲಿ ಹಣ್ಣು ಬಿದ್ದಾಗೆಲ್ಲ ಕೆಳಗೆ ಹುಲ್ಲುಗೆಂಡೆ ಬಂದು ನುಂಗುತ್ತದೆ. ನೇರಳೆ ಫ್ಲೈ ಕಟ್ಟೋಣ ಅಂತ ಹಳೆ ಚಪ್ಪಲಿಯ ಫೋಮ್‌ಗೆ ಬಣ್ಣ ಹಚ್ಚಿದೆ. ಅದು ತೇಲಿತು, ಒಂದೂ ಹತ್ತಿರ ಬರಲಿಲ್ಲ. ಮನೆಯಲ್ಲಿ ಬಕೆಟ್ ನೀರಿಗೆ ನಿಜವಾದ ಹಣ್ಣು ಬಿಟ್ಟು ನೋಡಿದೆ, ಮುಳುಗಿತು. ಕಡುನೇರಳೆ ಉಲನ್ ಸುತ್ತಿ, ಒಳಗೆ ಸೀಸದ ತಂತಿ ಇಟ್ಟು, ಕತ್ತರಿಯಲ್ಲಿ ಉರುಟು ಮಾಡಿದೆ. ಮುಳುಗುವುದು ಸರಿಹೋಯಿತು, ಆದರೂ ಮೀನು ತಿರುಗಿ ಹೋಗುತ್ತಿತ್ತು. ಕೊನೆಗೆ ಗೊತ್ತಾಯಿತು, ಬೀಳುವ ಸದ್ದು ಬೇರೆ. ಹಣ್ಣು ಎತ್ತರದಿಂದ ಬಿದ್ದು ಡುಬುಕ್ ಅನ್ನುತ್ತದೆ, ನನ್ನ ಫ್ಲೈ ಮೆತ್ತಗೆ ಕೂರುತ್ತಿತ್ತು. ಎತ್ತರಕ್ಕೆ ಎಸೆದು ಕೆಡವಲು ಶುರು ಮಾಡಿದ ಮೇಲೆ ಮೀನು ಸದ್ದಿಗೇ ತಿರುಗಿ ಬಂದು ನುಂಗಿತು. ಆಮೇಲೆ ಹಳೆಯ ರಾಡ್‌ನಲ್ಲಿ ನಿಜವಾದ ನೇರಳೆ ಹಣ್ಣನ್ನೇ ಕೊಕ್ಕೆಗೆ ಚುಚ್ಚಿ, ಸೀಸ ಇಲ್ಲದೆ, ಅದೇ ರೀತಿ ಕೆಡವಿದೆ. ಫ್ಲೈಗಿಂತ ಅದೇ ಚೆನ್ನಾಗಿ ನಡೆಯಿತು. ಹಣ್ಣನ್ನು ಹಿಂದಿನ ರಾತ್ರಿ ಏನು ಮಾಡಿಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಎಲ್ಲದಕ್ಕೂ ಫ್ಲೈ ಮದ್ದು ಅಂತ ನಾನು ಹೇಳುವುದಿಲ್ಲ. ರಾತ್ರಿ ಕ್ಯಾಟ್‌ಫಿಶ್‌ಗೆ ಕೋಳಿ ಕರುಳು ಹಾಕುವವರಿಗೆ ಇದರಿಂದ ಏನೂ ಸಿಗದು. ಅಣೆಕಟ್ಟಿನ ಆಳದ ನೀರಿಗೂ ಅಷ್ಟೇ. ಕೈದಾರದಲ್ಲಿ ಹಿಡಿಯುವ ಕೆರೆ ಪಕ್ಕದ ಹಿರಿಯರಿಗೆ ಅಂಚು, ನೆರಳು, ಗುಳ್ಳೆ ಎಲ್ಲ ನನಗಿಂತ ಚೆನ್ನಾಗಿ ಗೊತ್ತು. ಅವರು ಫ್ಲೈ ಕಲಿಯಬೇಕಿಲ್ಲ. ಕಲಿಯಬೇಕಾದವರು ನಮ್ಮ ಹಾಗೆ ನೇರ ರೀಲ್‌ನಿಂದ ಶುರು ಮಾಡಿದ ನಗರದವರು.

ಕೇಳಿದವರಿಗೆ ಇಷ್ಟು ಹೇಳುತ್ತೇನೆ. 6 ನಂಬರ್ ರಾಡ್ ಒಂದೇ ಸಾಕು, 5 ಮತ್ತು 8 ಎರಡೂ ಬೇಕಿಲ್ಲ. ಟ್ರಾಪಿಕಲ್ ಲೈನ್ ಬೇಕೇ ಬೇಕು. ಕನ್ನಡಕ ಸೇರಿ 18-20 ಸಾವಿರದಲ್ಲಿ ಮುಗಿಯುತ್ತದೆ. ಜಿಲೇಬಿ ಇರುವ ಹೊಂಡದಲ್ಲಿ ಶುರು ಮಾಡಿ, ಅದು ಬೇಗ ಕಚ್ಚುತ್ತದೆ. ಕೆರೆಗೆ ಹೋದರೆ ಮೀನು ಗುತ್ತಿಗೆ ಹಿಡಿದವರನ್ನು ಕೇಳಿಯೇ ಇಳಿಯಿರಿ. ನೇರಳೆ ಮರದ ಹೊಂಡ ಎಲ್ಲಿದೆ ಅಂತ ಮಾತ್ರ ಕೇಳಬೇಡಿ. ಫ್ಲೈ ಕಟ್ಟುವುದು ಕಲಿಯಬೇಕಿದ್ದವರು ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ. ಜರಿ ದಾರ, ಮೇಕೆ ಬಾಲ ನನ್ನ ಹತ್ತಿರ ಬೇಕಾದಷ್ಟಿದೆ, ಕೊಕ್ಕೆ ನೀವೇ ತನ್ನಿ.