ಐಟಿಐ ಮಾಡಿ ಮೋಟಾರು ಸುತ್ತಿದ್ದರ ಲೆಕ್ಕ

ಕೋಲಾರದ ಕಡೆ ಸಾವಿರ ಅಡಿ ದಾಟಿದ ಬೋರುಗಳೇ ಜಾಸ್ತಿ. ಮಾರ್ಚ್ ಬಂತೆಂದರೆ 415 ಇರಬೇಕಾದ ವೋಲ್ಟೇಜು 320ಕ್ಕೆ ಇಳಿಯುತ್ತೆ, ರೈತ ಮೋಟಾರು ನಿಲ್ಲಿಸಲ್ಲ, ವೈಂಡಿಂಗ್ ಅಂದರೆ ಒಳಗೆ ಸುತ್ತಿರೋ ತಾಮ್ರದ ವೈರು ಸುಟ್ಟುಹೋಗುತ್ತೆ. ಅದನ್ನ ಬಿಚ್ಚಿ ಹೊಸದಾಗಿ ಸುತ್ತೋದೇ ನನ್ನ ಕೆಲಸ, ನನ್ನ ಅನ್ನ ಹುಟ್ಟೋದೇ ಅಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಎಲೆಕ್ಟ್ರಿಷಿಯನ್ ಸೇರಿದಾಗ ನಕ್ಕ ನೆಂಟರೆಲ್ಲ ಈಗ ನಮ್ಮ ಅಂಗಡಿಗೇ ಮೋಟಾರು ತರೋದು.

ಅಂಗಡಿ ಹಾಕಿದ್ದು ಮುದ್ರಾ ಸಾಲದ 50 ಸಾವಿರದಲ್ಲಿ. ಮೆಗ್ಗರು (ಕರೆಂಟು ಸೋರುತ್ತಾ ಅಂತ ನೋಡೋ ಮೀಟರು), ಸೆಕೆಂಡ್ ಹ್ಯಾಂಡ್ ಟೂಲ್ಸು, ಒಂದಿಷ್ಟು ವೈರು ತಗೊಳ್ಳೋ ಹೊತ್ತಿಗೆ ಖಾಲಿ. ಮೊದಲ ಬೇಸಿಗೆ ಇಳಿಸಿದ ಮೋಟಾರುಗಳಲ್ಲಿ ಅರ್ಧಕ್ಕರ್ಧ ವಾಪಸ್ ಬಂದವು. ವೈಂಡಿಂಗ್ ಡೇಟಾ ಸರಿ, ಸುತ್ತಿನ ಲೆಕ್ಕ ಸರಿ, ಆದರೂ ಮೋಟಾರಿನ ಮೈಗೆ ಕರೆಂಟು ಸೋರೋದು. ನೀರು ತುಂಬೋ ಮೋಟಾರಲ್ವಾ, ಪ್ಲಾಸ್ಟಿಕ್ ಪದರ ಸುತ್ತಿದ ಪಾಲಿವ್ರ್ಯಾಪ್ ವೈರಿಗೆ ಅದು ಕೂರೋ ಸ್ಲಾಟಿನ ಅಂಚು ಕೂದಲೆಳೆಯಷ್ಟು ತಾಗಿದರೂ ಸಾಕು. ಕೆಲವು ಹೋಗಿದ್ದು ಕೇಬಲ್ ಜಾಯಿಂಟಲ್ಲಿ. ಪೈಪು ಎತ್ತಿ ಇಳಿಸೋ ಗಾಡಿಗೇ ಆರೇಳು ಸಾವಿರ, ಅದೂ ನನ್ನ ತಲೆಗೇ. 7.5 ಎಚ್‌ಪಿಗೆ ವೈರಿನ ದುಡ್ಡು ಬಿಟ್ಟು ಕೈಗೆ ಉಳಿಯೋದು ಎರಡೂವರೆ ಸಾವಿರ ಅಂತಿಟ್ಟುಕೊಳ್ಳಿ, ಒಂದು ವಾಪಸ್ ಬಂದರೆ ಮೂರು ಮೋಟಾರಿನ ದುಡಿಮೆ ಹೋಯ್ತು.

ಆಮೇಲೆ ಸ್ಟೇಟರನ್ನು, ಅಂದರೆ ವೈರು ಸುತ್ತಿರೋ ಭಾಗವನ್ನು, ರಾತ್ರಿಯಿಡೀ ತೊಟ್ಟಿಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಮೆಗ್ಗರ್ ಹಿಡಿದು ಪಾಸಾದರೆ ಮಾತ್ರ ಕೊಡೋದು ಅಂತ ಮಾಡಿದೆ. "ನೀರು ಕಾಯ್ತಾ ಬೆಳೆ ಒಣಗುತ್ತೆ" ಅಂತ ಬೈದವರೇ ಈಗ ಕಾಯ್ತಾರೆ. ಜಾಯಿಂಟಿಗೆ ಟೇಪು ಸುತ್ತೋ ಕ್ರಮ ಮಾತ್ರ ಬರೆಯಲ್ಲ, ಪಕ್ಕದ ಊರಿನ ಅಂಗಡಿಯವರೂ ಓದ್ತಾರೆ.

ನಡುವೆ ಕರೆಂಟು ಉಳಿಸೋ ಬಿಎಲ್‌ಡಿಸಿ ಫ್ಯಾನಿಗೂ ಕೈ ಹಾಕಿದ್ದೆ. ಅದರಲ್ಲಿ ಹೋಗೋದು ಎಲೆಕ್ಟ್ರಾನಿಕ್ ಬೋರ್ಡು, ವೈಂಡಿಂಗ್ ಅಲ್ಲ. ಬೋರ್ಡಿನ ಬೆಲೆ ಹೇಳಿದ ಮೇಲೆ ಮಜೂರಿ ಕೇಳೋಕೆ ಬಾಯೇ ಬರಲ್ಲ. ಬಿಟ್ಟೆ.

ಚಿಕ್ಕಪ್ಪನ ಮಗ ಮ್ಯಾನೇಜ್‌ಮೆಂಟ್ ಸೀಟಲ್ಲಿ ಬಿಇ ಮಾಡಿದ. ಎಂಟೊಂಬತ್ತು ಲಕ್ಷ ಖರ್ಚು, ಮೊದಲ ಸಂಬಳ ಇಪ್ಪತ್ತೈದು ಸಾವಿರದ ಆಸುಪಾಸು, ಅದರಲ್ಲಿ ಪಿಜಿ ಬಾಡಿಗೆ, ಸಾಲದ ಕಂತು. ಅವನು ಕಂತು ಕಟ್ಟೋ ವರ್ಷಗಳಲ್ಲಿ ನಾನು ಸೈಟು ತಗೊಂಡೆ. ಈಗ ಅವನದೂ ಚೆನ್ನಾಗಿದೆ, ಪಿಎಫ್ ಬೇರೆ ಇದೆ. ನನಗೆ ಮಳೆಗಾಲದಲ್ಲಿ ಅಂಗಡಿ ಬಾಡಿಗೆ ಹುಟ್ಟಿದರೆ ದೊಡ್ಡದು, ಸೊಂಟನೋವು ಉಚಿತ. ಹೆಣ್ಣು ನೋಡೋಕೆ ಹೋದ ಕಡೆಯೆಲ್ಲ ಸೈಟಿಗಿಂತ ಮೊದಲು ಡಿಗ್ರಿ ಕೇಳಿದರು, ಅದೂ ನಿಜ.

ಉದ್ರಿ ಮಾತ್ರ ಯಾವ ಐಟಿಐಯಲ್ಲೂ ಹೇಳಿಕೊಡಲ್ಲ. "ಟೊಮೆಟೊ ದುಡ್ಡು ಬರಲಿ" ಅಂತಾರೆ, ಟೊಮೆಟೊ ರಸ್ತೆಗೆ ಸುರೀತಾರೆ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತಲ್ಲ, ಆಗ ಮೂರು ವರ್ಷದ ಬಾಕಿ ಮನೆ ಬಾಗಿಲಿಗೇ ಬಂತು. ಅದರಲ್ಲೇ ಲೇತ್ ತಗೊಂಡೆ. ಆಮೇಲಿಂದ ವೈರಿನ ದುಡ್ಡು ಮುಂಗಡ, ಮಜೂರಿಗಷ್ಟೇ ಉದ್ರಿ.