ಮುಚ್ಚಿದ ಕಂಪನಿಗಳ ಲೆಕ್ಕ ಓದಿ ಆಡಿಟ್ ಕಲಿತೆ: ನನ್ನ ಅನುಭವ

ಇಂಗ್ಲೆಂಡಿನ ಅಕೌಂಟೆಂಟ್ ವಿಲಿಯಂ ವೆಲ್ಚ್ ಡೆಲಾಯ್ಟ್ ತಮ್ಮ ಆಫೀಸಿಗೆ ಆರಿಸಿಕೊಂಡ ಜಾಗ ನನಗೆ ತುಂಬ ಇಷ್ಟ. 1845ರಲ್ಲಿ ಲಂಡನ್ನಿನ ಬೇಸಿಂಗ್‌ಹಾಲ್ ಬೀದಿಯಲ್ಲಿ, ದಿವಾಳಿ ಕೋರ್ಟಿನ ಎದುರಿಗೇ ಅವರು ಸ್ವಂತ ಆಫೀಸು ತೆರೆದರು. ಆ ಕೋರ್ಟು ಅವರಿಗೆ ಹೊಸದಲ್ಲ. 1818ರಲ್ಲಿ ಹುಟ್ಟಿದ ಹುಡುಗ ಹದಿನೈದನೇ ವಯಸ್ಸಿಗೇ ಅಲ್ಲಿ ಅಫಿಷಿಯಲ್ ಅಸೈನಿಯ ಸಹಾಯಕನಾಗಿ ಸೇರಿದ್ದ. ಮುಳುಗಿದ ವ್ಯಾಪಾರಗಳ ಆಸ್ತಿ ಎಷ್ಟು, ಸಾಲ ಎಷ್ಟು, ಸಾಲ ಕೊಟ್ಟವರಿಗೆ ಎಷ್ಟು ಪಾಲು ಬರುತ್ತದೆ ಅಂತ ಲೆಕ್ಕ ಹಾಕುವ ಕೆಲಸ ಅದು.

ಇವತ್ತು ಅವರ ಹೆಸರಿನ ಸಂಸ್ಥೆ ಜಗತ್ತಿನ ನಾಲ್ಕು ದೊಡ್ಡ ಆಡಿಟ್ ಸಂಸ್ಥೆಗಳಲ್ಲಿ ಒಂದು. ಬೆಂಗಳೂರಿನಲ್ಲಿ ಸಿಎ ಓದುವ ಮಕ್ಕಳಲ್ಲಿ ಬಹಳ ಜನಕ್ಕೆ ಅಂಥ ಕಡೆ ಸೇರುವ ಆಸೆ. ಆಸೆ ಒಳ್ಳೆಯದೇ. ಆದರೆ ಆ ಮನುಷ್ಯ ಕೆಲಸ ಕಲಿತದ್ದು ಕೆಟ್ಟುಹೋದ ಲೆಕ್ಕಗಳನ್ನು ಓದಿ. ನಾನು ಕಲಿತದ್ದೂ ಹಾಗೇ. ಹೇಗೆ ಅಂತ ಇಲ್ಲಿ ಬರೆಯುತ್ತೇನೆ, ಈಗ ತಾನೇ ಪ್ರಾಕ್ಟೀಸ್ ಶುರು ಮಾಡುವವರಿಗೆ ಉಪಯೋಗ ಆದೀತು.

ನಾನು ಆರ್ಟಿಕಲ್‌ಶಿಪ್, ಅಂದರೆ ಸಿಎ ಓದುವಾಗ ಆಡಿಟ್ ಆಫೀಸಿನಲ್ಲಿ ಪಡೆಯುವ ತರಬೇತಿ, ಮಾಡಿದ್ದು ಶೇಷಾದ್ರಿಪುರದ ಒಂದು ಹಳೇ ಆಫೀಸಿನಲ್ಲಿ. ಆಗ ಮೂರು ವರ್ಷ ಇತ್ತು. ಈಗಿನ ಹೊಸ ಪದ್ಧತಿಯಲ್ಲಿ ಎರಡೇ ವರ್ಷ. ನಮ್ಮ ಸರ್ ಹೈಕೋರ್ಟಿನ ಅಫಿಷಿಯಲ್ ಲಿಕ್ವಿಡೇಟರ್ ಕೊಡುವ ಕೆಲಸ ತೆಗೆದುಕೊಳ್ಳುತ್ತಿದ್ದರು. ಕಂಪನಿ ಮುಚ್ಚಲು ಕೋರ್ಟು ಆದೇಶ ಕೊಟ್ಟ ಮೇಲೆ ಅದರ ಲೆಕ್ಕಪತ್ರ ಕೂತು ಓದುವ ಕೆಲಸ. ಫೀಸು ಕಡಿಮೆ. ಅದೂ ಬರುವುದು ತಡ. ಹಾಗಾಗಿ ಬೇರೆ ಆಫೀಸಿನವರು ಅದರ ಹತ್ತಿರ ಹೋಗುತ್ತಿರಲಿಲ್ಲ. ಸರ್ ನನ್ನನ್ನು ಮೊದಲು ಹಾಕಿದ್ದೇ ಅಲ್ಲಿಗೆ.

ಪೀಣ್ಯದ ಒಂದು ಕಾರ್ಖಾನೆ. ಬಾಗಿಲಿಗೆ ಸೀಲು. ಒಳಗೆ ಗೋಣಿಚೀಲದಲ್ಲಿ ತುಂಬಿದ್ದ ಲೆಡ್ಜರುಗಳು, ವೋಚರು ಬಂಡಲುಗಳು, ಹಾಜರಿ ಪುಸ್ತಕ, ಗೇಟಿನ ಒಳ-ಹೊರ ರಿಜಿಸ್ಟರು. ಏನಾದರೂ ಕೇಳೋಣ ಅಂದರೆ ಅಕೌಂಟೆಂಟ್ ಇಲ್ಲ, ಮಾಲೀಕರು ಫೋನು ಎತ್ತಲ್ಲ. ನಡೆಯುತ್ತಿರುವ ಕಂಪನಿಯಲ್ಲಿ ಯಾವ ಪ್ರಶ್ನೆ ಕೇಳಿದರೂ ಯಾರೋ ಒಬ್ಬರು ಚೆನ್ನಾಗಿ ಉತ್ತರ ಹೇಳುತ್ತಾರೆ. ನಾವು ತಲೆ ಆಡಿಸಿ ಟಿಕ್ ಹಾಕುತ್ತೇವೆ. ಮುಚ್ಚಿದ ಕಂಪನಿಯಲ್ಲಿ ಆ ಸೌಲಭ್ಯ ಇಲ್ಲ. ಒಂದು ಕಾಗದ ಸುಳ್ಳು ಹೇಳುತ್ತಿದೆಯಾ ಅಂತ ಇನ್ನೊಂದು ಕಾಗದವನ್ನೇ ಕೇಳಬೇಕು. ಹಾಜರಿ ಪುಸ್ತಕಕ್ಕೂ ಸಂಬಳದ ವೋಚರಿಗೂ ತಾಳೆ ಇದೆಯಾ? ಗೇಟು ದಾಟಿದ ಲಾರಿಗೆ ಬಿಲ್ ಇದೆಯಾ? ಮೂರು ವರ್ಷದಲ್ಲಿ ನಾನು ಕಲಿತ ಆಡಿಟ್‌ನ ಬಹುಪಾಲು ಈ ಗೋಣಿಚೀಲಗಳಿಂದ ಬಂದದ್ದು.

ಸರ್ ಓದಿಸುತ್ತಿದ್ದ ಕ್ರಮವೂ ಬೇರೆ. ಕೊನೆಯ ಬ್ಯಾಂಕ್ ಸ್ಟೇಟ್‌ಮೆಂಟಿನಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು. 'ಇದು ಕೆಟ್ಟಿದ್ದು ಯಾವ ತಿಂಗಳಲ್ಲಿ ಅಂತ ಹೇಳಮ್ಮಾ, ಯಾಕೆ ಅಂತ ಆಮೇಲೆ ನೋಡೋಣ' ಅನ್ನುತ್ತಿದ್ದರು. ಹಾಗೆ ಹುಡುಕುತ್ತಾ ಹೋದಾಗ ಹೆಚ್ಚಿನ ಕಡೆ ಒಂದೇ ವರಸೆ ಕಾಣಿಸುತ್ತಿತ್ತು. ಬ್ಯಾಂಕಿನ ಕಂತು ತಪ್ಪುವ ಬಹಳ ಮೊದಲೇ ಕಾರ್ಮಿಕರ ಪಿಎಫ್ ಕಟ್ಟುವುದು ತಡವಾಗುತ್ತದೆ. ಆಮೇಲೆ ಟಿಡಿಎಸ್, ಅಂದರೆ ಬೇರೆಯವರಿಗೆ ಕೊಡುವ ದುಡ್ಡಿನಲ್ಲಿ ಹಿಡಿದ ತೆರಿಗೆ. ಆಮೇಲೆ ಕರೆಂಟು ಬಿಲ್ಲು. ಬೇರೆಯವರಿಂದ ಹಿಡಿದಿಟ್ಟ ದುಡ್ಡಿಗೇ ಮೊದಲು ಕೈ ಹಾಕುತ್ತಾರೆ. ಯಾಕೆಂದರೆ ಅದನ್ನು ಕೇಳಲು ಯಾರೂ ಬೆಳಗ್ಗೆ ಬಂದು ಬಾಗಿಲು ತಟ್ಟಲ್ಲ. ಇವತ್ತಿಗೂ ಹೊಸ ಕ್ಲೈಂಟ್ ಬಂದರೆ ನಾನು ಲಾಭ-ನಷ್ಟ ನೋಡುವ ಮೊದಲು ಪಿಎಫ್ ಚಲನ್‌ಗಳ ತಾರೀಖು ನೋಡುತ್ತೇನೆ.

ಡೆಲಾಯ್ಟ್ ಬಗ್ಗೆ ಓದಿದ್ದು ಸಿಎ ಆದಮೇಲೆ. ಅದರಲ್ಲಿ ರೆಡ್‌ಪಾತ್ ಪ್ರಕರಣ ನನ್ನ ಕೆಲಸದ ರೀತಿಯನ್ನೇ ಬದಲಾಯಿಸಿತು. ಲಿಯೊಪೋಲ್ಡ್ ರೆಡ್‌ಪಾತ್ ಅನ್ನುವವನು ಇಂಗ್ಲೆಂಡಿನ ಗ್ರೇಟ್ ನಾರ್ದರ್ನ್ ರೈಲ್ವೆಯಲ್ಲಿ ಷೇರು ರಿಜಿಸ್ಟ್ರಾರ್, ಯಾರ ಹತ್ತಿರ ಎಷ್ಟು ಷೇರು ಅಂತ ಬರೆದಿಡುವವನು. ದಾನ ಧರ್ಮಕ್ಕೆ ಹೆಸರಾದ ಮನುಷ್ಯ. ಅವನು ಇಲ್ಲದ ಷೇರುಗಳನ್ನು ಸೃಷ್ಟಿ ಮಾಡಿ ಮಾರುತ್ತಿದ್ದ. ವಿಧಾನ ಬಹಳ ಸರಳ. 250 ಪೌಂಡಿನ ನಮೂದಿನ ಎಡಕ್ಕೆ ಒಂದು '1' ಸೇರಿಸಿದರೆ ಅದು 1,250. ರಿಜಿಸ್ಟರು ಅವನ ಕೈಯಲ್ಲೇ ಇತ್ತು, ಹಾಗಾಗಿ ರಿಜಿಸ್ಟರು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಅವನು ತಡೆಯಲಾಗದೇ ಹೋದದ್ದು ಇನ್ನೊಂದು ತುದಿಯನ್ನು. ಸುಳ್ಳು ಷೇರಿಗೂ ಡಿವಿಡೆಂಡ್, ಅಂದರೆ ಲಾಭದ ಪಾಲು, ಕೊಡಬೇಕಲ್ಲ? ಕಂಪನಿಯ ನಿಜವಾದ ಬಂಡವಾಳಕ್ಕೆ ಕೊಡಬೇಕಾದ್ದಕ್ಕಿಂತ ಜಾಸ್ತಿ ಡಿವಿಡೆಂಡ್ ಹೊರಗೆ ಹೋಗುತ್ತಿತ್ತು. 1856ರಲ್ಲಿ ಗುಟ್ಟು ರಟ್ಟಾಯಿತು. ಆ ವಂಚನೆಯ ಲೆಕ್ಕ ಬಿಡಿಸಿದವರು ಡೆಲಾಯ್ಟ್. ಮರುವರ್ಷ ರೆಡ್‌ಪಾತ್‌ಗೆ ಜೀವಾವಧಿ ಗಡೀಪಾರು ಶಿಕ್ಷೆ ಆಯಿತು.

ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾವ ನಮೂದು ಯಾವಾಗ ಬದಲಾಯಿತು ಅನ್ನುವ ದಾಖಲೆ ಇರಲೇಬೇಕು ಅಂತ ನಿಯಮ ಬಂದಿದೆ. ಒಳ್ಳೆಯ ನಿಯಮ. ಅದನ್ನು ಆಫ್ ಮಾಡಿದ್ದಾರಾ ಅಂತ ನಾವು ಆಡಿಟರುಗಳು ವರದಿಯಲ್ಲಿ ಹೇಳಬೇಕು. ಆ '1' ಸೇರಿಸುವ ಆಟಕ್ಕೆ ಇದು ನೇರ ಉತ್ತರ ಅಂತ ನನಗನ್ನಿಸುತ್ತದೆ. ಆದರೆ ಮೊದಲಿಂದಲೇ ಸುಳ್ಳು ಬರೆದರೆ ಯಾವ ದಾಖಲೆಯೂ ಅದನ್ನು ಹಿಡಿಯಲ್ಲ. ಅದಕ್ಕೆ ಇನ್ನೊಂದು ತುದಿಯಿಂದಲೇ ಬರಬೇಕು.

ಬಳೇಪೇಟೆಯಲ್ಲಿ ಮೆಟ್ಟಿಲು ಹತ್ತಿ ಹೋಗುವ ಒಂದು ರೂಮಿನಲ್ಲಿ ನಾನು ಪ್ರಾಕ್ಟೀಸ್ ಶುರು ಮಾಡಿದಾಗ, ಈ ಡಿವಿಡೆಂಡ್ ಪರೀಕ್ಷೆಯನ್ನು ನನ್ನ ಕ್ಲೈಂಟುಗಳಿಗೆ ಹೊಂದಿಸಿಕೊಳ್ಳಬೇಕಿತ್ತು. ಚಿಕ್ಕಪೇಟೆ ಅಂಗಡಿಗೆ ಡಿವಿಡೆಂಡ್ ಎಲ್ಲಿ ಬರಬೇಕು! ಅಲ್ಲಿ ಅದರ ಜಾಗದಲ್ಲಿ ಇರುವುದು ಬಡ್ಡಿ. ಒಂದು ಬಟ್ಟೆ ಹೋಲ್‌ಸೇಲ್ ಅಂಗಡಿಯಲ್ಲಿ ಪುಸ್ತಕದ ಪ್ರಕಾರ ಬ್ಯಾಂಕಿನ ಸಾಲ ಒಂದೇ. ಆದರೆ ಬ್ಯಾಂಕಿನ ಬಡ್ಡಿ ಕಳೆದ ಮೇಲೂ ಪ್ರತಿ ತಿಂಗಳು ಬೇರೆ ಬೇರೆ ಖರ್ಚಿನ ಹೆಸರಿನಲ್ಲಿ ಒಂದೇ ಮೊತ್ತ ಹೋಗುತ್ತಿತ್ತು. ಒಮ್ಮೆ ಕಮಿಷನ್, ಒಮ್ಮೆ ಪ್ಯಾಕಿಂಗ್, ಒಮ್ಮೆ ಸಾಗಾಣಿಕೆ. ಖರ್ಚಾದರೆ ವ್ಯಾಪಾರದ ಜೊತೆ ಏರಬೇಕು, ಇಳಿಯಬೇಕು. ಆಷಾಢದಲ್ಲೂ ದಸರೆಯಲ್ಲೂ ಒಂದೇ ಮೊತ್ತ ಹೋದರೆ ಅದು ಬಡ್ಡಿ.

ಯಜಮಾನರ ಹತ್ತಿರ ಕೂತು ಕೇಳಿದೆ.

'ಮೇಡಂ, ಅದು ನಮ್ಮ ಮನೆ ವಿಷಯ, ಬಿಟ್ಬಿಡಿ' ಅಂದರು.

'ಸೇಠ್‌ಜೀ, ಮನೆ ವಿಷಯ ಆಗಿದ್ರೆ ಅಂಗಡಿ ದುಡ್ಡಲ್ಲಿ ಯಾಕೆ ಹೋಗ್ತಿದೆ?' ಅಂದೆ.

ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು. ಪರಿಚಯದವರಿಂದ ಕೈಗಡ ತಂದಿದ್ದರು. ಒಂದರ ಬಡ್ಡಿ ಕಟ್ಟಲು ಇನ್ನೊಂದು. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದೆವು. ಪುಸ್ತಕಕ್ಕೆ ತಂದೆವು. ಒಂದು ಗೋಡೌನ್ ಮಾರಿ ಜಾಸ್ತಿ ಬಡ್ಡಿಯ ಸಾಲ ಮೊದಲು ತೀರಿಸಿದರು. ಆ ಅಂಗಡಿ ಈಗಲೂ ನಡೆಯುತ್ತಿದೆ. ಆಮೇಲೆ ಅವರು ಆ ಬೀದಿಯಲ್ಲಿ ಎಷ್ಟು ಜನರನ್ನು ನನ್ನ ಹತ್ತಿರ ಕಳಿಸಿದರೋ! ಸಿಎಗಳು ಬೇರೆ ವ್ಯಾಪಾರಗಳ ಹಾಗೆ ಜಾಹೀರಾತು ಕೊಡುವಂತಿಲ್ಲ, ಕೆಲಸ ಕೊಡಿ ಅಂತ ಹೋಗಿ ಕೇಳುವಂತಿಲ್ಲ. 1949ರ ಸಿಎ ಕಾಯಿದೆಯಲ್ಲೇ ಇದೆ. ಹಾಗಾಗಿ ನನ್ನ ಆಫೀಸು ಬೆಳೆದದ್ದು ಹೀಗೆ ಒಬ್ಬರು ಇನ್ನೊಬ್ಬರಿಗೆ ಹೇಳಿ ಕಳಿಸಿಯೇ.

ಪ್ರತಿ ವ್ಯಾಪಾರಕ್ಕೂ ಇಂಥ ಒಂದು ತುದಿ ಇರುತ್ತದೆ. ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಅದು ಹಮಾಲಿ. ಹಮಾಲಿ ಕೂಲಿ ಚೀಲದ ಲೆಕ್ಕ. ಕೊಟ್ಟ ಕೂಲಿಯನ್ನು ಚೀಲದ ದರದಿಂದ ಭಾಗಿಸಿದರೆ ಎಷ್ಟು ಚೀಲ ಇಳಿದವು ಅಂತ ಗೊತ್ತಾಗುತ್ತದೆ. ಖರೀದಿ ಪುಸ್ತಕದಲ್ಲಿ ಅಷ್ಟು ಚೀಲ ಇಲ್ಲದಿದ್ದರೆ ಕೂತು ಮಾತಾಡಬೇಕು. ಹಮಾಲರ ಕೂಲಿಯನ್ನು ಯಾರೂ ಕಡಿಮೆ ಬರೆಯಲ್ಲ, ಬರೆದರೆ ಸಂಜೆಯೇ ಜಗಳ ಆಗುತ್ತದೆ. ಅದಕ್ಕೇ ಆ ಅಂಕಿಯ ಮೇಲೆ ನನಗೆ ನಂಬಿಕೆ. ಪೀಣ್ಯದ ಮೆಷಿನ್ ಶಾಪುಗಳಲ್ಲಿ ಕರೆಂಟಿನ ಯೂನಿಟ್ಟು, ಸ್ಕ್ರ್ಯಾಪ್ ತೂಕ, ಜಾಬ್‌ವರ್ಕ್ ಚಲನ್. ಹೋಟೆಲಿನಲ್ಲಿ ಗ್ಯಾಸ್ ಸಿಲಿಂಡರು, ಹಾಲು. ಲೆಕ್ಕ ಬರೆಯುವವನ ಕೈಗೆ ಸಿಗದ ಒಂದು ಅಂಕಿ ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ.

ಬ್ಯಾಂಕ್ ಬ್ಯಾಲೆನ್ಸ್ ವಿಷಯದಲ್ಲಿ ನಾನು ತುಂಬ ಕಟ್ಟುನಿಟ್ಟು. 2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷರು, ಪುಸ್ತಕದಲ್ಲಿ ತೋರಿಸಿದ ನಗದು ಮತ್ತು ಬ್ಯಾಂಕ್ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಅಂತ ಪತ್ರ ಬರೆದರು. ನಮ್ಮ ವೃತ್ತಿಯಲ್ಲಿ ಇರುವವರೆಲ್ಲರ ಎದೆ ಒಡೆದ ದಿನ ಅದು. ನಮ್ಮ ಆಫೀಸಿನಲ್ಲಿ ಬ್ಯಾಲೆನ್ಸ್ ಎಷ್ಟು ಅಂತ ಕೇಳಿ ಬ್ಯಾಂಕಿಗೆ ಪತ್ರ ನಾವೇ ಕಳಿಸುತ್ತೇವೆ. ಉತ್ತರ ನೇರ ನಮಗೇ ಬರಬೇಕು. 'ನಾನೇ ತಂದ್ಕೊಡ್ತೀನಿ ಮೇಡಂ, ಯಾಕೆ ತೊಂದ್ರೆ' ಅಂದರೆ ಬೇಡ ಅನ್ನುತ್ತೇವೆ. ಹತ್ತಿರದವರಾದರೂ ಬೇಡ.

ಹೊರಗಿನವರಾಗಿ ನಿಲ್ಲುವುದು ಸುಲಭ ಅಲ್ಲ. ಡೆಲಾಯ್ಟ್ ಕಾಲದಲ್ಲಿ ಕಂಪನಿಯ ಆಡಿಟರ್ ಅಂದರೆ ಸಾಮಾನ್ಯವಾಗಿ ಷೇರುದಾರರಲ್ಲೇ ಒಬ್ಬರು. ತನ್ನ ದುಡ್ಡಿದ್ದರೆ ತಾನೇ ಸರಿಯಾಗಿ ನೋಡುತ್ತಾನೆ ಅನ್ನುವ ಲೆಕ್ಕಾಚಾರ. 1849ರಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆ ಡೆಲಾಯ್ಟ್ ಅವರನ್ನು ಹೊರಗಿನ ಆಡಿಟರ್ ಆಗಿ ನೇಮಿಸಿದ್ದು ಅದಕ್ಕೇ ಅಷ್ಟು ದೊಡ್ಡ ವಿಷಯ. ಈಗ ನಮ್ಮ 2013ರ ಕಂಪನಿ ಕಾಯಿದೆ ಪೂರಾ ಉಲ್ಟಾ. ಆಡಿಟ್ ಮಾಡುವ ಕಂಪನಿಯ ಒಂದೇ ಒಂದು ಷೇರು ನನ್ನ ಹತ್ತಿರ ಇದ್ದರೂ ನಾನು ಅನರ್ಹಳು. ದೊಡ್ಡ ಕಂಪನಿಗಳಲ್ಲಿ ಒಬ್ಬರೇ ಆಡಿಟರ್ ಆದರೆ 5 ವರ್ಷ, ಸಂಸ್ಥೆ ಆದರೆ 10 ವರ್ಷ, ಆಮೇಲೆ ಬದಲಾಗಬೇಕು. ನನಗೆ ಈ ಬಿಗಿ ಇಷ್ಟ. ಬ್ಯಾಂಕು ಸ್ಟಾಕಿನ ಮೇಲೆ ಕೊಡುವ ಸಿಸಿ ಸಾಲದ ಮಿತಿ ಏರಿಸಲು ಗೋಡೌನಿನಲ್ಲಿ ಇಲ್ಲದ ಸ್ಟಾಕಿಗೆ ಸಹಿ ಕೇಳಿದವರು ಬಂದಿದ್ದಾರೆ. ಸಹಿ ಹಾಕಲಿಲ್ಲ. ಅವರು ಹೋದರು. ಆ ವರ್ಷ ಬಾಡಿಗೆ ಕಟ್ಟುವುದು ಕಷ್ಟವಾಯಿತು, ಆದರೂ ಆ ತೀರ್ಮಾನದ ಬಗ್ಗೆ ಇವತ್ತಿಗೂ ಸಮಾಧಾನ ಇದೆ.

ಪಾಲುದಾರರ ವಿಷಯ ಬೇಗ ಹೇಳಿಬಿಡುತ್ತೇನೆ. ಡೆಲಾಯ್ಟ್ 1857ರಲ್ಲಿ ಥಾಮಸ್ ಗ್ರೀನ್‌ವುಡ್ ಅವರನ್ನು ಸೇರಿಸಿಕೊಂಡರು, ಆಫೀಸು ತೆರೆದು ಹನ್ನೆರಡು ವರ್ಷದ ಮೇಲೆ. ನಾನೂ ಕಾದೆ. ನನಗೆ ಬರದ ಕೆಲಸ ಬರುವವರನ್ನು ಹುಡುಕಿದೆ. ನನ್ನ ಮೊದಲ ಪಾಲುದಾರ ಸಾಫ್ಟ್‌ವೇರ್ ಲೆಕ್ಕದಲ್ಲಿ ಗಟ್ಟಿಗ. ಎರಡನೆಯವಳು ಜಿಎಸ್‌ಟಿ. ಸಂಸ್ಥೆಗೆ ನನ್ನ ಹೆಸರು ಇಡಲಿಲ್ಲ, ನನ್ನ ನಂತರವೂ ಅದು ನಡೆಯಬೇಕು.

ಇಂಗ್ಲೆಂಡಿನ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ 1880ರಲ್ಲಿ ಹುಟ್ಟಿತು. 1888ರಲ್ಲಿ ಡೆಲಾಯ್ಟ್ ಅದರ ಅಧ್ಯಕ್ಷರಾದರು. ಅದೇ ಸಂಸ್ಥೆ ಮೊದಲ ಮಹಿಳೆಯನ್ನು, ಮೇರಿ ಹ್ಯಾರಿಸ್ ಸ್ಮಿತ್ ಅವರನ್ನು, ಸೇರಿಸಿಕೊಂಡದ್ದು 1920ರಲ್ಲಿ. ನಮ್ಮ ಪಕ್ಕದ ಮದರಾಸಿನ ಆರ್. ಶಿವಭೋಗಂ 1933ರಲ್ಲಿ ಪರೀಕ್ಷೆ ಪಾಸಾಗಿ ಭಾರತದ ಮೊದಲ ಮಹಿಳಾ ಅಕೌಂಟೆಂಟ್ ಆದರು. ಈ ಎರಡು ಹೆಸರುಗಳನ್ನು ನಮ್ಮ ಹೆಣ್ಣುಮಕ್ಕಳಿಗೆ ನಾನು ತಪ್ಪದೆ ಹೇಳುತ್ತೇನೆ.

ಈಗ ನಮ್ಮ ಆಫೀಸಿಗೆ ಆರ್ಟಿಕಲ್ಸ್‌ಗೆ ಸೇರಿದವರಿಗೆ ನಡೆಯುವ ಕಂಪನಿಯ ಫೈಲು ಮೊದಲು ಕೊಡಲ್ಲ. ಮುಚ್ಚಿದ ಕಂಪನಿಯದು ಕೊಡುತ್ತೇವೆ. 'ಇದು ಕೆಟ್ಟಿದ್ದು ಯಾವ ತಿಂಗಳಲ್ಲಿ?' ಒಂದು ಪುಟದಲ್ಲಿ ಬರೆದು ತರಬೇಕು. ಪುರಾವೆ ಯಾವ ಕಾಗದದಲ್ಲಿದೆ ಅಂತಲೂ ಬರೆಯಬೇಕು.

ಇಂಥ ಆಫೀಸು ಸಿಗದವರೂ ಇದನ್ನು ಮಾಡಬಹುದು. 2016ರ ದಿವಾಳಿ ಸಂಹಿತೆ ಬಂದ ಮೇಲೆ ಇಂಥ ಪ್ರಕರಣಗಳು ಹೆಚ್ಚಾಗಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ (ಎನ್‌ಸಿಎಲ್‌ಟಿ) ಬರುತ್ತವೆ. ಬೆಂಗಳೂರು ಪೀಠದ ಆದೇಶಗಳು ಅದರ ವೆಬ್‌ಸೈಟಿನಲ್ಲಿ ಎಲ್ಲರಿಗೂ ಸಿಗುತ್ತವೆ. ಒಂದು ಕಂಪನಿ ಆರಿಸಿ. ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂಪಾಯಿ ಕಟ್ಟಿದರೆ ಆ ಕಂಪನಿ ಸಲ್ಲಿಸಿದ ಹಳೇ ಬ್ಯಾಲೆನ್ಸ್ ಶೀಟುಗಳನ್ನು ನೋಡಬಹುದು. ಆದೇಶದಲ್ಲಿ ಸಾಲ ತಪ್ಪಿದ ತಾರೀಖು ಇರುತ್ತದೆ. ಅದರ ಹಿಂದಿನ ಮೂರು ವರ್ಷದ ಶೀಟುಗಳನ್ನು ಪಕ್ಕಪಕ್ಕ ಇಡಿ. ಟಿಪ್ಪಣಿಗಳಲ್ಲಿ ಕಟ್ಟದೆ ಉಳಿದ ಪಿಎಫ್, ಟಿಡಿಎಸ್ ಎಷ್ಟಿದೆ ನೋಡಿ. ಆ ವರ್ಷಗಳ ಆಡಿಟರ್ ವರದಿಯನ್ನು ಕೊನೆಯಲ್ಲಿ ಓದಿ, ನೀವು ಕಂಡದ್ದನ್ನು ಅವರು ಬರೆದಿದ್ದಾರಾ ಅಂತ ತಾಳೆ ನೋಡಿ.